ಏಳು ಡೆಸಿಬಲ್

ಎರಡು ವರ್ಷ ನನ್ನ ನಿದ್ದೆಯನ್ನು ಕೆಡಿಸಿದ್ದ ಸದ್ದಿನ ಗಾತ್ರ ಏಳು ಡೆಸಿಬಲ್ ಎಂದು ನನಗೆ ತಿಳಿದದ್ದು ಕಳೆದ ಕಾರ್ತಿಕ ಮಾಸದ ಒಂದು ಮಂಗಳವಾರ, ದಾವಣಗೆರೆಯ ಒಂದು ಚಿಕಿತ್ಸಾಲಯದ ಸಣ್ಣ ಕೋಣೆಯಲ್ಲಿ, ಶೀತಲಗೃಹದ ಬಾಗಿಲಿನಷ್ಟು ದಪ್ಪನೆಯ ಬಾಗಿಲಿನ ಹಿಂದೆ ಕುಳಿತಿದ್ದಾಗ.

ಆ ಸದ್ದು ಶುರುವಾದದ್ದು ಯಾವಾಗ ಎಂದು ಖಚಿತವಾಗಿ ಹೇಳಲಾರೆ. ಅದು ನನ್ನ ಗಮನಕ್ಕೆ ಬಂದ ರಾತ್ರಿ ಮಾತ್ರ ಚೆನ್ನಾಗಿ ನೆನಪಿದೆ. ನಿಟುವಳ್ಳಿಯ ನಮ್ಮ ಮನೆಯಲ್ಲಿ ಬೇಸಿಗೆಯ ಒಂದು ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತಿತು. ನಿಂತ ಮೇಲೂ ಎಲ್ಲೋ ಒಂದು ಯಂತ್ರ ಸುಂಯ್ ಎಂದು ಓಡುತ್ತಲೇ ಇತ್ತು. ಎದ್ದು ಫ್ರಿಜ್ಜಿಗೆ ಕಿವಿ ಕೊಟ್ಟೆ, ಪಕ್ಕದ ಮನೆಯ ಇನ್ವರ್ಟರ್ ಇರಬಹುದೆಂದು ಹಿತ್ತಲ ಬಾಗಿಲು ತೆಗೆದು ನೋಡಿದೆ. ಹೆಂಡತಿಯನ್ನು ಎಬ್ಬಿಸಿ ಕೇಳಿದಾಗ ಅವಳು ಒಂದು ಕ್ಷಣ ಕಿವಿಗೊಟ್ಟು, ಏನೂ ಇಲ್ಲವೆಂದು ಹೇಳಿ ಮಗ್ಗುಲು ಬದಲಿಸಿದಳು. ಯಂತ್ರ ನನ್ನ ತಲೆಯೊಳಗೇ ಇದೆ ಎಂದು ಅರಿವಾದ ಆ ಗಳಿಗೆಯ ಹೆದರಿಕೆಯನ್ನು, ಅದನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ. ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಕೇಳಿಸುವ ಇದಕ್ಕೆ ಕಿವಿಮೊರೆತ ಎಂಬ ಹೆಸರಿದೆಯೆಂದು ಆಮೇಲೆ ತಿಳಿಯಿತು.

ಮುಂದಿನ ದಿನಗಳಲ್ಲಿ ನಾನು ಮಾಡಿದ್ದೆಲ್ಲ ತಪ್ಪು ಎಂದು ಈಗ ಗೊತ್ತಾಗಿದೆ. ಸದ್ದಿನ ಕಾಯಿಲೆಗೆ ನಿಶ್ಶಬ್ದವೇ ಮದ್ದು ಎಂಬುದು ನನ್ನ ತರ್ಕವಾಗಿತ್ತು. ರಸ್ತೆಗೆ ತೆರೆಯುವ ಕಿಟಕಿಗಳನ್ನು ಮುಚ್ಚಿಸಿದೆ, ಹಾಸಿಗೆಯನ್ನು ಹಿಂದಿನ ಕೋಣೆಗೆ ಒಯ್ದೆ, ಗೋಡೆಯ ಗಡಿಯಾರವನ್ನು ಇಳಿಸಿದೆ, ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡದ್ದೂ ಆಯಿತು. ಬೇರೊಂದು ಊರಿನ ಚಿಕಿತ್ಸಾಲಯವೊಂದು ಕಿವಿಯೊಳಗೆ ಇಣುಕಿಯೂ ನೋಡದೆ, ಗಿಂಕೋ ಎಂಬ ಗಿಡದ ಸಾರದ ಮಾತ್ರೆಗಳನ್ನು ಮೂರು ತಿಂಗಳಿಗೆಂದು ಕೊಟ್ಟು, ಸದ್ದು ಬೇರುಸಹಿತ ಹೋಗುತ್ತದೆಂದು ಮಾತು ಕೊಟ್ಟಿತ್ತು. ಬೇರುಸಹಿತ ಹೋದದ್ದು ನನ್ನ ಮಂಡಿಪೇಟೆಯ ಬೈಂಡಿಂಗ್ ಅಂಗಡಿಯ ಒಂದು ತಿಂಗಳ ಸಂಪಾದನೆ.

ಕಡೆಗೆ ಮಗಳ ಒತ್ತಾಯಕ್ಕೆ ಕಿವಿ-ಮೂಗು-ಗಂಟಲು ತಜ್ಞರೊಬ್ಬರಲ್ಲಿಗೆ ಹೋದೆ. ಸದ್ದು ಒಂದೇ ಕಿವಿಯಲ್ಲೋ ಎರಡರಲ್ಲೋ, ನಾಡಿಯ ಬಡಿತದಂತೆ ತಾಳ ಹಾಕುತ್ತದೆಯೋ ಒಂದೇ ಸಮನೆ ಇದೆಯೋ, ಕಿವಿ ಇದ್ದಕ್ಕಿದ್ದಂತೆ ಮಂದವಾಯಿತೋ, ತಲೆಸುತ್ತು ಉಂಟೋ, ಯಾವ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಅವರು ಒಂದೊಂದಾಗಿ ಕೇಳಿದರು. ಒಂದೇ ಕಿವಿಯಲ್ಲಿ ಅಥವಾ ನಾಡಿಯ ತಾಳಕ್ಕೆ ಕೇಳಿಸುವ ಸದ್ದಿಗೆ ಸ್ಕ್ಯಾನ್ ಮುಂತಾದ ಬೇರೆ ತಪಾಸಣೆ ಬೇಕಾಗುತ್ತದೆಂದೂ, ಕಿವಿ ದಿಢೀರನೆ ಕೇಳಿಸದಂತಾದರೆ ವಾರಗಟ್ಟಲೆ ಕಾಯದೆ ಕೂಡಲೇ ಬರಬೇಕೆಂದೂ, ಏಕೆಂದರೆ ಅದರ ಚಿಕಿತ್ಸೆಗೆ ಮೊದಲ ಕೆಲವು ದಿನಗಳೇ ಮುಖ್ಯವೆಂದೂ ಹೇಳಿದರು. ನನ್ನದು ಆ ಯಾವ ಬಗೆಗೂ ಸೇರಿರಲಿಲ್ಲ. ಕಿವಿಯಲ್ಲಿ ಗುಗ್ಗೆಯೂ ಇರಲಿಲ್ಲ. ಹಿಂದೆ ಯಾವ ಕೆಲಸದಲ್ಲಿದ್ದಿರಿ ಎಂದು ಅವರು ಕೇಳಿದಾಗ ಊರಿನ ಒಂದು ಬಟ್ಟೆ ಗಿರಣಿಯ ನೇಯ್ಗೆ ವಿಭಾಗದಲ್ಲಿ ಎಂಟು ವರ್ಷ ಇದ್ದೆನೆಂದು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಶ್ರವಣತಜ್ಞೆಯ ಹೆಸರಿಗೆ ಚೀಟಿ ಬರೆದರು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಕೊನೆಯ ತಲೆಮಾರಿನವನು ನಾನು. 1984ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮಗ್ಗಗಳ ಸಾಲಿಗೆ ಸೇರಿದೆ. ಲಾಳಿ ಅತ್ತಿಂದಿತ್ತ ಬಡಿಯುವ ಆ ಷೆಡ್ಡಿನಲ್ಲಿ ಯಾರೂ ಬಾಯಿಂದ ಮಾತನಾಡುತ್ತಿರಲಿಲ್ಲ; ತುಟಿ ಓದುತ್ತಿದ್ದೆವು, ಬೆರಳಲ್ಲಿ ಲೆಕ್ಕ ಹೇಳುತ್ತಿದ್ದೆವು. ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿ ಎಂಬ ನಿಯಮವಿದೆ ಎಂದು ನನಗೆ ತಿಳಿದದ್ದು ಈಚೆಗೆ. ನಮ್ಮಲ್ಲಿ ಕಿವಿಗೆ ಏನನ್ನೂ ಕೊಟ್ಟಿರಲಿಲ್ಲ. ನೆಲದ ಮೇಲಿನ ಅರಳೆಯನ್ನೇ ಉಂಡೆಮಾಡಿ ತುರುಕಿಕೊಳ್ಳುತ್ತಿದ್ದೆವು; ಅರಳೆ ಅಂಥ ಸದ್ದನ್ನು ಹೆಚ್ಚೇನೂ ತಡೆಯುವುದಿಲ್ಲವಂತೆ.

ಶ್ರವಣತಜ್ಞೆ ನನ್ನ ಮಗಳ ವಯಸ್ಸಿನವರು, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಆ ದಪ್ಪ ಬಾಗಿಲಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಾಗಿಲು ಮುಚ್ಚಿದ ಕೂಡಲೇ ನನ್ನ ಸದ್ದು ಗಿರಣಿಯ ಕೂಗಿನಂತೆ ಏರಿತು. ಹೊರಬಂದು ದೂರಿದಾಗ ಅವರು ನಕ್ಕು, 1953ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಸಂಶೋಧಕರು ಕಿವಿಯ ತೊಂದರೆಯಿಲ್ಲದ 80 ಮಂದಿಯನ್ನು ಇಂಥದೇ ಕೋಣೆಯಲ್ಲಿ ಕೂರಿಸಿದಾಗ ಶೇ. 94 ಮಂದಿ ಏನೋ ಮೊರೆಯುವುದು ಕೇಳಿಸಿತೆಂದು ಹೇಳಿದ್ದನ್ನು ತಿಳಿಸಿದರು. ನಾನು ಎರಡು ವರ್ಷದಿಂದ ಮನೆಯನ್ನೇ ಅಂಥ ಕೋಣೆಯಾಗಿ ಮಾಡಿಕೊಳ್ಳುತ್ತಿದ್ದೆ.

ಯಾವ ಸ್ಥಾಯಿಯ ಸದ್ದು ಎಷ್ಟು ಜೋರಾದರೆ ಕೇಳಿಸುತ್ತದೆಂದು ತೋರಿಸುವ ಆಡಿಯೋಗ್ರಾಂ ಎಂಬ ನಕ್ಷೆಯಲ್ಲಿ ಗೆರೆ 2000 ಹರ್ಟ್ಸ್‌ವರೆಗೆ ಸಮತಟ್ಟಾಗಿ ಬಂದು, 4000ದಲ್ಲಿ 55 ಡೆಸಿಬಲ್ಲಿಗೆ ಕುಸಿದು, 8000ದ ಹೊತ್ತಿಗೆ ತುಸು ಮೇಲೇರಿತ್ತು. ಈ ಕಣಿವೆ ಗದ್ದಲ ತಿಂದ ಕಿವಿಯ ಗುರುತು ಎಂದರು. ಆಮೇಲೆ ಬಗೆಬಗೆಯ ಸ್ಥಾಯಿಗಳ ಸದ್ದು ಕೇಳಿಸುತ್ತ, ನಿಮ್ಮದು ಇದಕ್ಕೆ ಹತ್ತಿರವೋ ಅದಕ್ಕೋ ಎಂದು ಕೇಳಿ 6000 ಹರ್ಟ್ಸ್‌ನಲ್ಲಿ ಹಿಡಿದರು. ಅದರ ಜೋರನ್ನು ಅಳೆದಾಗ, ಆ ಸ್ಥಾಯಿಯಲ್ಲಿ ನನಗೆ ಕೇಳಿಸಲು ಶುರುವಾಗುವ ಮಟ್ಟಕ್ಕಿಂತ ಏಳೇ ಡೆಸಿಬಲ್ ಮೇಲಿತ್ತು. ನನಗೆ ಸಮಾಧಾನವಾಗಬೇಕಿತ್ತು, ಆದದ್ದು ಅವಮಾನ. ರೈಲಿನ ಸಿಳ್ಳೆಯಂಥದನ್ನು ಹೊತ್ತು ತಂದವನಿಗೆ, ಇದು ಪಿಸುಮಾತಿನಷ್ಟೂ ಇಲ್ಲ ಎಂದಂತಾಯಿತು. ‘ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆಯೇ?’ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

ಅವರು ಉತ್ತರಿಸುವ ಬದಲು 25 ಪ್ರಶ್ನೆಗಳ ಒಂದು ಪಟ್ಟಿಯನ್ನು ಓದಿದರು. ಸದ್ದಿನಿಂದ ಸಿಟ್ಟು ಬರುತ್ತದೆಯೇ, ಓದಲು ಅಡ್ಡಿಯಾಗುತ್ತದೆಯೇ, ಇದರಿಂದ ಪಾರಾಗಲಾರೆ ಎನಿಸುತ್ತದೆಯೇ. ಹೌದು ಎಂದರೆ ನಾಲ್ಕು ಅಂಕ, ಕೆಲವೊಮ್ಮೆ ಎಂದರೆ ಎರಡು. ನೂರಕ್ಕೆ ನನಗೆ 54 ಬಂತು. ಸದ್ದಿನ ಅಳತೆ ಬೇರೆ, ಸಂಕಟದ ಅಳತೆ ಬೇರೆ, ಎರಡೂ ನಿಜ ಎಂದು ಅವರು ಅಂದಾಗ ನನ್ನ ಸಿಟ್ಟು ಇಳಿಯಿತು.

ಒಳಗಿವಿಯ ಶಂಖದಲ್ಲಿರುವ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರಬೇಕಾದ ಸಂಕೇತ ಬಾರದಿದ್ದಾಗ ಮಿದುಳು ತನ್ನ ಕಡೆಯಿಂದ ಗ್ರಹಿಕೆಯನ್ನು ಏರಿಸಿಕೊಳ್ಳುತ್ತದೆ ಎಂಬುದು ಅವರ ವಿವರಣೆಯ ಸಾರ. ನನಗೆ ಹುಡುಗುತನದ ರೇಡಿಯೊ ನೆನಪಾಯಿತು. ಭದ್ರಾವತಿ ಕೇಂದ್ರ ಸರಿಯಾಗಿ ಸಿಗದ ರಾತ್ರಿಗಳಲ್ಲಿ ಅಪ್ಪ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸುತ್ತಿದ್ದರು. ಹಾಡು ಬಾರದೆ ಬರೀ ಸೊರಸೊರ ಹೆಚ್ಚುತ್ತಿತ್ತು. ಇದನ್ನು ಹೇಳಿದಾಗ, ಹೆಚ್ಚುಕಡಿಮೆ ಹಾಗೆಯೇ ಎಂದರು. ಅಪಾಯದ ಸುದ್ದಿಯೆಂದು ಮಿದುಳು ಆ ಸೊರಸೊರಕ್ಕೆ ಕಾವಲು ಕೂರುತ್ತದೆ. ಕಾವಲನ್ನು ಸಡಿಲಿಸುವುದೇ ಚಿಕಿತ್ಸೆ, ಸದ್ದನ್ನು ಅಳಿಸುವ ಮಾತ್ರೆ ಇಲ್ಲ. ಇಲ್ಲ ಎಂಬ ಆ ಮಾತನ್ನು ಅಷ್ಟು ನೇರವಾಗಿ ಹೇಳಿದವರು ಅವರೊಬ್ಬರೇ. ಬಹುಶಃ ನಾನು ಅವರನ್ನು ನಂಬಿದ್ದು ಅದರಿಂದಲೇ.

ಎರಡೂ ಕಿವಿಗೆ ಶ್ರವಣಸಾಧನ ಬಂತು. ಬೆಲೆ ಕೇಳಿ ಒಂದು ವಾರ ಮುಂದೂಡಿದ್ದೆ. ಹೊರಗಿನ ಸಣ್ಣಪುಟ್ಟ ಸದ್ದುಗಳು ಮರಳಿದಂತೆ ಒಳಗಿನದು ಹಿಂದೆ ಸರಿಯುತ್ತ ಬಂತು. ರಾತ್ರಿ ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿಕೊಳ್ಳಲು ಹೇಳಿದರು, ಆದರೆ ಕಿವಿಮೊರೆತವನ್ನು ಪೂರ್ತಿ ಮುಳುಗಿಸುವಷ್ಟಲ್ಲ, ಅದರ ಜೊತೆ ಬೆರೆಯುವಷ್ಟು. ಮುಳುಗಿಸಿಬಿಟ್ಟರೆ ಮಿದುಳು ಅದರ ಜೊತೆ ಬದುಕಲು ಕಲಿಯುವುದಿಲ್ಲವಂತೆ. ಮೊಬೈಲಿನ ಮಳೆ ನನಗೆ ಒಗ್ಗಲಿಲ್ಲ, ಅದರಲ್ಲಿ ಮಣ್ಣಿನ ವಾಸನೆ ಇರಲಿಲ್ಲ. ಹಳೆಯ ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆ. ಕಿಟಕಿಗಳನ್ನು ತೆರೆದೆ, ಗಡಿಯಾರ ಗೋಡೆಗೆ ಮರಳಿತು. ನಡುರಾತ್ರಿ ಎಚ್ಚರವಾದಾಗ ‘ಇನ್ನು ಮುಗಿಯಿತು’ ಎಂದು ಏಳುವ ಯೋಚನೆಯನ್ನು ಹಾಳೆಯ ಮೇಲೆ ಬರೆದು, ಅದು ಎಷ್ಟು ನಿಜ ಎಂದು ಬೆಳಿಗ್ಗೆ ನೋಡುವ ಅಭ್ಯಾಸವನ್ನೂ ಹೇಳಿಕೊಟ್ಟರು. ಬೈಂಡಿಂಗಿನವನಿಗೆ ಹಾಳೆಗೇನು ಕೊರತೆ. ನಾಲ್ಕು ತಿಂಗಳ ಬಳಿಕ ಅದೇ 25 ಪ್ರಶ್ನೆಗಳಿಗೆ 26 ಅಂಕ ಬಂತು. ಸದ್ದು ಅಳೆದರೆ ಮೊದಲಿನಷ್ಟೇ ಇತ್ತು.

ಮೊನ್ನೆ ಬೆಣ್ಣೆದೋಸೆಯ ಹೋಟೆಲಿನಲ್ಲಿ ಷೆಡ್ಡಿನ ಹಳೆಯ ಜೊತೆಗಾರ ಎದುರು ಬಂದು ಕುಳಿತ. ಕಾವಲಿಯ ಚೊರ್ರ್, ಮಾಣಿಗಳ ಕೂಗು, ತಟ್ಟೆಗಳ ಸದ್ದು. ನನ್ನ ಕಿವಿಯ ಹಿಂದಿನ ಯಂತ್ರವನ್ನು ನೋಡಿ ಹುಬ್ಬೇರಿಸಿದ. ಕಿವಿಯ ಬಳಿ ಬೆರಳು ಸುತ್ತಿಸಿ, ಮಗ್ಗ ಇನ್ನೂ ನಿಂತಿಲ್ಲವೆಂದು ಸನ್ನೆ ಮಾಡಿದೆ. ಅವನು ದೋಸೆಯ ಮೇಲಿನ ಕೈಯನ್ನು ಹಾಗೇ ಬಿಟ್ಟು, ಷೆಡ್ಡಿನಲ್ಲಿ ಮಾಡುತ್ತಿದ್ದಂತೆಯೇ, ದನಿಯಿಲ್ಲದೆ ಬರೀ ತುಟಿಯಲ್ಲಿ ಹೇಳಿದ: ‘ನನಗೂ. ಹದಿನೈದು ವರ್ಷ.’ ಮನೆಯಲ್ಲಿ ಹೇಳಿದ್ದೀಯಾ ಎಂದು ನಾನೂ ತುಟಿಯಲ್ಲೇ ಕೇಳಿದೆ. ತಲೆಯಾಡಿಸಿದ, ಇಲ್ಲವೆಂದು. ಬಿಲ್ಲಿನ ಹಿಂದೆ ಚಿಕಿತ್ಸಾಲಯದ ವಿಳಾಸ ಬರೆದು, ಸೋಮವಾರ ಹತ್ತು ಗಂಟೆಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆಂದು ಬೆರಳುಗಳನ್ನೆಲ್ಲ ಬಿಡಿಸಿ ತೋರಿಸಿದೆ.