ಅಷ್ಟು ವರ್ಷ ಪ್ರಾರ್ಥಿಸಿದರೂ ಕೊಲೆಗಳು ನಿಲ್ಲಲಿಲ್ಲವಲ್ಲ?

ಉತ್ತರ ಐರ್ಲೆಂಡಿನ ಕೊರಿಮೀಲಾ ಸಮುದಾಯದ ಬಗ್ಗೆ ನಾನು ಎಲ್ಲಿ ಮಾತನಾಡಿದರೂ, ಅದು ಚರ್ಚಿನ ಯುವಜನ ಕೂಟವಾಗಲಿ ಕಾಲೇಜಿನ ಸಭೆಯಾಗಲಿ, ಕೊನೆಯಲ್ಲಿ ಒಬ್ಬರಾದರೂ ಎದ್ದು ನಿಂತು ಇದನ್ನೇ ಕೇಳುತ್ತಾರೆ: “ಸಮಾಧಾನಕ್ಕೆಂದೇ ಒಂದು ಕ್ರೈಸ್ತ ಸಮುದಾಯ 1965ರಲ್ಲಿ ಹುಟ್ಟಿತು ಎನ್ನುತ್ತೀರಿ. ನಾಲ್ಕೇ ವರ್ಷದಲ್ಲಿ, ಕ್ಯಾಥೊಲಿಕರ ಮತ್ತು ಪ್ರೊಟೆಸ್ಟಂಟರ ನಡುವಿನ ಜಗಳದಲ್ಲಿ, ಅಲ್ಲಿನ ರಾಜಧಾನಿ ಬೆಲ್‌ಫಾಸ್ಟ್ ಹೊತ್ತಿ ಉರಿಯಿತು. ಆಮೇಲಿನ ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಹಾಗಾದರೆ ಆ ಸಮುದಾಯದಿಂದ ಆದದ್ದೇನು?” ನ್ಯಾಯವಾದ ಪ್ರಶ್ನೆ. ಸಭೆಯ ಗಡಿಬಿಡಿಯಲ್ಲಿ ಕೊಟ್ಟ ಉತ್ತರ ನನಗೇ ಸಾಲದೆನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೊರಿಮೀಲಾವನ್ನು ಕಟ್ಟಿದ ರೇ ಡೇವಿ ಪ್ರೆಸ್ಬಿಟೇರಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಪಾದ್ರಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಸೇವೆಗೆಂದು ಉತ್ತರ ಆಫ್ರಿಕಾಕ್ಕೆ ಹೋಗಿದ್ದ ಅವರು ಟೋಬ್ರುಕ್‌ನಲ್ಲಿ ಸೆರೆ ಸಿಕ್ಕಿ, ಇಟಲಿಯನ್ನು ಹಾಯ್ದು, ಕೊನೆಗೆ ಜರ್ಮನಿಯ ಡ್ರೆಸ್ಡೆನ್ ಸಮೀಪದ ಸೆರೆಶಿಬಿರ ಸೇರಿದರು. 1945ರ ಫೆಬ್ರುವರಿಯಲ್ಲಿ ಆ ನಗರ ಸುಟ್ಟು ಹೋದುದನ್ನು ಅವರು ಕಣ್ಣಾರೆ ಕಂಡರು. ಸುಟ್ಟದ್ದು ಶತ್ರುಗಳ ನಗರ, ಸುಟ್ಟವರು ತಮ್ಮದೇ ಕಡೆಯವರು. ಮರುವರ್ಷ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪಾದ್ರಿಯಾಗಿ ಕೆಲಸಕ್ಕೆ ನಿಂತಾಗ, ಕ್ಯಾಥೊಲಿಕರೂ ಪ್ರೊಟೆಸ್ಟಂಟರೂ ಬೇರೆ ಬೇರೆ ಬೀದಿಯಲ್ಲಿ ಹುಟ್ಟಿ, ಬೇರೆ ಬೇರೆ ಶಾಲೆಯಲ್ಲಿ ಓದಿ, ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯದೆ ಬದುಕು ಮುಗಿಸಬಹುದಾದ ತಮ್ಮ ಊರು ಅವರಿಗೆ ಹೊಸದಾಗಿ ಕಂಡಿರಬೇಕು. ಸಮಾಧಾನದ ವಿಷಯದಲ್ಲಿ ಬಾಯಿ ಬಿಡಲಾಗದಿದ್ದರೆ ಕ್ರೈಸ್ತರಿಗೆ ಹೇಳಲು ಬೇರೇನೂ ಉಳಿದಿಲ್ಲ ಎಂಬುದು ಅವರ ನಿಲುವು.

1965ರಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಸೇರಿ ಬ್ಯಾಲಿಕ್ಯಾಸಲ್ ಪಟ್ಟಣದ ಹತ್ತಿರ, ಕಡಲಿಗೆ ಮುಖಮಾಡಿದ್ದ ಹಳೆಯ ವಿಹಾರಗೃಹವೊಂದನ್ನು ಕೊಂಡು, ತಾವೇ ದುರಸ್ತಿ ಮಾಡಿ, ಬಾಗಿಲು ತೆರೆದರು. ನನ್ನ ಉತ್ತರದ ಮೊದಲ ಭಾಗ ಈ ಇಸವಿಯಲ್ಲೇ ಇದೆ. ಉರಿ ಹತ್ತಿದ ಮೇಲೆ ಬಾವಿ ತೋಡುವವರೇ ಲೋಕದಲ್ಲಿ ಹೆಚ್ಚು. ಇವರು ನಾಲ್ಕು ವರ್ಷ ಮೊದಲೇ ತೋಡಿದರು. 1969ರಲ್ಲಿ ಗಲಭೆ ಶುರುವಾಗಿ ಎರಡೂ ಕಡೆಯ ಬೀದಿಗಳಲ್ಲಿ ಮನೆಗಳು ಉರಿದಾಗ, ಎರಡೂ ಕಡೆಯವರು ಕಾಲಿಡಬಹುದಾದ ಒಂದು ಮನೆ, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಷ್ಟು ಬಳಕೆಯಿದ್ದ ಒಂದು ಗುಂಪು, ಆಗಲೇ ಇದ್ದವು. ಒಂದು ಬಾವಿಯಿಂದ ಊರಿನ ಬೆಂಕಿಯೆಲ್ಲ ಆರಲಿಲ್ಲ, ನಿಜ. ಆದರೆ ಬಾವಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳುವವರನ್ನು ನಾನು ಇನ್ನೂ ಕಂಡಿಲ್ಲ.

ಅಲ್ಲಿ ನಡೆದ ಕೆಲಸ ಹೊರಗಿನಿಂದ ನೋಡಿದರೆ ಬಹಳ ಸಾಧಾರಣ. ಬೆಲ್‌ಫಾಸ್ಟಿನ ದಣಿದ ಬಡಾವಣೆಗಳಿಂದ ಕುಟುಂಬಗಳು ಬಂದು ಕೆಲವು ದಿನ ಇರುತ್ತಿದ್ದವು. ಶಾಲೆಯ ಮಕ್ಕಳು, ಗಂಡನನ್ನೋ ಮಗನನ್ನೋ ಕಳೆದುಕೊಂಡವರು, ಸೆರೆಮನೆಯಲ್ಲಿದ್ದವರ ಮನೆಯವರು ಬರುತ್ತಿದ್ದರು. ಒಟ್ಟಿಗೆ ಊಟ, ಒಟ್ಟಿಗೆ ಪಾತ್ರೆ ತೊಳೆಯುವುದು, ಸಂಜೆ ಸುತ್ತ ಕುಳಿತು ಮಾತು. ಅಲ್ಲಿನ ಪ್ರಾರ್ಥನಾ ಮಂದಿರಕ್ಕೆ ‘ಕ್ರೀ’ ಎಂದು ಹೆಸರು, ಐರಿಷ್ ಭಾಷೆಯಲ್ಲಿ ಹೃದಯ ಎಂದರ್ಥ. ಪ್ರಾರ್ಥನೆಗೆ ಯಾರನ್ನೂ ಒತ್ತಾಯಿಸುವುದಿಲ್ಲ.

ನಾನು ಅಲ್ಲಿ ಕೆಲವು ವಾರ ಅಡುಗೆಮನೆಯಲ್ಲಿ ಸಹಾಯಕ್ಕಿದ್ದಾಗ, ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ತಟ್ಟೆ ತೊಳೆಯುತ್ತಿದ್ದರು, ಅವರಿಗಿಂತ ಸ್ವಲ್ಪ ಕಿರಿಯ ಗಂಡಸೊಬ್ಬರು ಒರೆಸುತ್ತಿದ್ದರು. ಆಕೆಯ ತಮ್ಮ ಯಾರ ಗುಂಡಿಗೆ ಬಲಿಯಾಗಿದ್ದನೋ ಆ ಕಡೆಯ ಬೀದಿಯವರು ಈತ. ಅದು ಇಬ್ಬರಿಗೂ ಗೊತ್ತಿತ್ತು. ಆಕೆ ತಮ್ಮನ ಬಗ್ಗೆ ಹೇಳಲು ತೊಡಗಿದರು: ಅವನಿಗೆ ಸೈಕಲ್ಲಿನ ಹುಚ್ಚು, ಒಂದು ದಿನವೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದವನಲ್ಲ. ಆತ ಕೈಯಲ್ಲಿದ್ದ ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದರು. ಕ್ಷಮೆಯ ಮಾತು ಯಾರೂ ಎತ್ತಲಿಲ್ಲ. ಎತ್ತುವಂತೆ ಅವರನ್ನು ಯಾರೂ ಒತ್ತಾಯಿಸಲೂ ಇಲ್ಲ.

ಇದನ್ನು ಹೇಳಿದಾಗ ಕೆಲವರು “ಅಂದರೆ ರಾಜಿ ಮಾಡಿಸುತ್ತಾರೆ” ಎನ್ನುತ್ತಾರೆ. ಅಲ್ಲ. ರಾಜಿಯಲ್ಲಿ ಇಬ್ಬರೂ ಒಂದಿಷ್ಟು ಬಿಟ್ಟುಕೊಟ್ಟು ಎದ್ದು ಹೋಗುತ್ತಾರೆ, ಗಾಯ ಅಲ್ಲೇ ಉಳಿಯುತ್ತದೆ. ನಮ್ಮ ಕನ್ನಡ ಬೈಬಲಿನಲ್ಲಿ ಪೌಲನು ಹೇಳುವ ಸೇವೆಗೆ ‘ಸಮಾಧಾನ’ ಎಂಬ ಪದವಿದೆ. ಜಗಳ ಮುಗಿದರೂ ಅದು ಸಮಾಧಾನ, ಅಳುವವರನ್ನು ಸಂತೈಸಿದರೂ ಸಮಾಧಾನ, ಮನಸ್ಸು ತಿಳಿಯಾದರೂ ಸಮಾಧಾನ. ಕೊರಿಮೀಲಾ ಏನು ಮಾಡುತ್ತದೆ ಎಂದು ಹೇಳಲು ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ.

ಸಮುದಾಯ ಬೆಳೆದ ಬಗೆಯನ್ನೂ ಗಮನಿಸಬೇಕು. ಅದರ ಸದಸ್ಯರಲ್ಲಿ ಹೆಚ್ಚಿನವರು ಆ ಮನೆಯಲ್ಲಿ ಇರುವುದಿಲ್ಲ. ತಮ್ಮ ತಮ್ಮ ಊರು, ಸಭೆ, ಉದ್ಯೋಗಗಳಲ್ಲಿದ್ದುಕೊಂಡೇ ಈ ಕೆಲಸಕ್ಕೆ ಬದ್ಧರಾಗಿರುತ್ತಾರೆ. ಕೊರಿಮೀಲಾ ಶುರುವಾಗುವುದೇ ನೀವು ಇಲ್ಲಿಂದ ಹೊರಟ ಮೇಲೆ ಎಂದು ಅವರು ಅತಿಥಿಗಳಿಗೆ ಹೇಳುತ್ತಾರೆ. ಮುಂದೆ ಇದೇ ಸಮುದಾಯವನ್ನು, ಕೀನ್ಯಾದ ಸಿಖ್ ಕುಟುಂಬದಲ್ಲಿ ಹುಟ್ಟಿ ಮೆಥೊಡಿಸ್ಟ್ ಪಾದ್ರಿಯಾದ ಇಂದರ್‌ಜಿತ್ ಭೋಗಲ್ ಮುನ್ನಡೆಸಿದರು ಎಂಬುದು ನನಗೆ ಬಹಳ ಸಂತೋಷದ ಸಂಗತಿ. ಎರಡು ಪಂಗಡಗಳ ನಡುವಿನ ಬಿರುಕಿಗೆಂದು ಕಟ್ಟಿದ ಮನೆ ಮೂರನೆಯವರಿಗೂ ತನ್ನದಾಯಿತು.

ಹಾಗಾದರೆ ಆದದ್ದೇನು? ಆ ಹಿಂಸೆಯನ್ನು ಕೊನೆಗಾಣಿಸಲು ಮಾಡಿಕೊಂಡ, 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದಕ್ಕೆ ಕೊರಿಮೀಲಾ ಕಾರಣ ಎಂದು ನಾನು ಹೇಳಲಾರೆ, ಅದನ್ನು ರಾಜಕಾರಣಿಗಳು ದುಡಿದು ತಂದರು. ಆದರೆ ಒಪ್ಪಂದಕ್ಕೆ ಜನಮತ ಕೇಳಿದಾಗ ಹೌದು ಎನ್ನಲು, ಎದುರು ಕಡೆಯವರ ಮುಖವನ್ನು ಹತ್ತಿರದಿಂದ ನೋಡಿದ್ದ ಜನ ಬೇಕಿತ್ತು. ಅಂಥವರನ್ನು ಈ ಮನೆ ಮೂವತ್ತಮೂರು ವರ್ಷ, ಒಂದೊಂದು ಊಟದ ಮೇಜಿನಲ್ಲಿ, ಬೆಳೆಸುತ್ತಿತ್ತು. ಕೆಲಸ ಮುಗಿದಿಲ್ಲ. ಬೆಲ್‌ಫಾಸ್ಟಿನ ಬಡಾವಣೆಗಳ ನಡುವಿನ ಎತ್ತರದ ಗೋಡೆಗಳು ಇಂದಿಗೂ ನಿಂತಿವೆ, ಹೆಚ್ಚಿನ ಮಕ್ಕಳು ಇಂದಿಗೂ ಬೇರೆ ಬೇರೆ ಶಾಲೆಗೇ ಹೋಗುತ್ತಾರೆ.

ಕೊರಿಮೀಲಾ ಎಂದರೆ ‘ಸಾಮರಸ್ಯದ ಗುಡ್ಡ’ ಎಂದು ಮೊದಲು ಎಲ್ಲರೂ ನಂಬಿದ್ದರು. ‘ಉಬ್ಬುತಗ್ಗಿನ ದಾಟುದಾರಿ’ ಎಂಬುದೇ ಹೆಚ್ಚು ಸರಿಯಾದ ಅರ್ಥವೆಂದು ಬಲ್ಲವರು ಆಮೇಲೆ ತಿಳಿಸಿದರು. ಅಲ್ಲಿನವರು ಈಗ ಬಂದವರಿಗೆಲ್ಲ ಆ ಎರಡನೆಯ ಅರ್ಥವನ್ನೇ ಹೇಳುತ್ತಾರೆ.