ರಾತ್ರಿ ಪ್ರಾಣಿಗಳ ಕಥೆ: ಎರಡನೇ ಡ್ರಾಫ್ಟ್ ಮುಗೀತು

ಮಲಗೋ ಹೊತ್ತಿಗೆ ಓದೋ ಕಥೆ ಬರೀತಿದೀನಲ್ಲ, ರಾತ್ರಿ ಓಡಾಡೋ ಕಾಡುಪ್ರಾಣಿಗಳದ್ದು, ಅದರ ಎರಡನೇ ಡ್ರಾಫ್ಟ್ ಮುಗೀತು. ಈ ಕಥೇಲಿ ಮೊದಲಿಂದ ಇರೋ ತಲೆನೋವು ಒಂದೇ, ಮಗು ಕಣ್ಮುಚ್ಬೇಕಾದ ಟೈಮಿಗೆ ಸರಿಯಾಗಿ ಕಥೆಯಲ್ಲಿರೋರೆಲ್ಲ ಎದ್ದು ಕೂರ್ತಾರೆ. ಅಣ್ಣನ ಮಗಳಿಗೆ ಓದಿದ್ರೆ "ಅತ್ತೆ, ಗೂಬೆ ಎದ್ದಿದೆಯಲ್ಲ, ನಾನ್ಯಾಕೆ ಮಲಗ್ಬೇಕು" ಅಂತಾಳೆ. ನ್ಯಾಯವಾದ ಪ್ರಶ್ನೆನೇ ಬಿಡಿ.

ಅದಕ್ಕೆ ಈಗ ಕಥೆ ಶುರು ಆಗೋದೇ ರಾತ್ರಿ ಮುಗಿಯೋ ಹೊತ್ತಿಗೆ. ಎಲ್ರದ್ದೂ ಊಟ ಆಗಿದೆ, ಸುತ್ತಾಟ ಆಗಿದೆ, ಒಬ್ಬೊಬ್ರೇ ಮನೆಗೆ ಹೊರಟಿದಾರೆ, ಹಾರುವ ಅಳಿಲು ಮರದ ಪೊಟರೆಗೆ, ಮುಳ್ಳುಹಂದಿ ಬಿಲಕ್ಕೆ, ಕಾಡುಪಾಪ ಎಲೆ ಮರೆಯಲ್ಲಿ ಉಂಡೆ ಸುತ್ಕೊಂಡು. ಸೂರ್ಯನ್ನ ಮಾತ್ರ ಎಲ್ಲೂ ತೋರಿಸಿಲ್ಲ, ಅವನು ಬಂದ್ರೆ ಇವಳೂ ಎದ್ಬಿಡ್ತಾಳೆ, ನಕ್ಷತ್ರ ಕಮ್ಮಿ ಆಗೋವಲ್ಲಿಗೇ ನಿಲ್ಸಿದೀನಿ.

ಹೀರೋಯಿನ್ ಚಿಪ್ಪುಹಂದಿ ಅಮ್ಮ. ಇವಳಿಗೆ ಹಲ್ಲೇ ಇಲ್ಲ, ಉದ್ದದ ಅಂಟು ನಾಲಿಗೆ ಚಾಚಿ ಇರುವೆ ಗೆದ್ದಲು ಎಳ್ಕೊಂಡು ನುಂಗ್ತಾಳೆ, ಅರೆಯೋದೆಲ್ಲ ಹೊಟ್ಟೆ ಕೆಲಸ, ಜೊತೆಗೆ ನುಂಗಿದ ಸಣ್ಣ ಕಲ್ಲುಗಳೂ ಕೈ ಜೋಡಿಸ್ತವೆ. "ಹಂಗಾದ್ರೆ ಬ್ರಷ್ ಮಾಡೋದೇ ಬೇಡ್ವಾ ಅತ್ತೆ" ಅಂತ ಬಂದ ಪ್ರಶ್ನೆನ ಹಾಗೇ ಮರಿ ಬಾಯಿಗೆ ಹಾಕಿದೀನಿ. ಮರಿ ಅಮ್ಮನ ಬಾಲದ ಬುಡದಲ್ಲಿ ಕೂತು ಸವಾರಿ ಮಾಡುತ್ತೆ, ಮಲಗೋವಾಗ ಅಮ್ಮ ಅದನ್ನ ಮಧ್ಯ ಇಟ್ಕೊಂಡು ಸುತ್ಕೋತಾಳೆ, ಇದಕ್ಕಿಂತ ಒಳ್ಳೆ ಕ್ಲೈಮ್ಯಾಕ್ಸ್ ನಾನು ಕೂತು ಯೋಚಿಸಿದ್ರೂ ಹುಟ್ತಿರ್ಲಿಲ್ಲ. ಅಲ್ಲಿಗೆ ಬರೋ ಹೊತ್ತಿಗೆ ಸಾಲುಗಳನ್ನ ಚಿಕ್ಕದು ಮಾಡ್ತಾ ಹೋಗಿದೀನಿ: ಅಮ್ಮ ನಡೆದಳು. ಬಾಲ ತೂಗಿತು. ಮರಿ ತೂಕಡಿಸಿತು. ಜೋರಾಗಿ ಓದಿದ್ರೆ ಓದೋರಿಗೇ ಆಕಳಿಕೆ ಬರುತ್ತೆ, ಬರ್ಲಿ ಅಂತಾನೇ ಬರ್ದಿದ್ದು.

ಗೂಬೆಗೆ ಕಣ್ಣುಗುಡ್ಡೆ ಆ ಕಡೆ ಈ ಕಡೆ ತಿರುಗಿಸೋಕೆ ಆಗಲ್ಲ, ಅದಕ್ಕೇ ಕತ್ತನ್ನೇ 270 ಡಿಗ್ರಿ ತನಕ ತಿರುಗಿಸುತ್ತೆ. ಇದನ್ನ ಕೇಳಿದ ಮಗು ಸುಮ್ನೆ ಇರುತ್ತಾ, ಎದ್ದು ಕೂತು ತಾನೂ ತಿರುಗಿಸಿ ನೋಡುತ್ತೆ, ಸೋ ಆ ಪುಟ ಕಥೆ ಶುರುವಿಗೆ ಹೋಯ್ತು, ಕೊನೆ ಹತ್ರ ಸದ್ದಿಲ್ದೆ ಹಾರೋದು ಮಾತ್ರ ಉಳೀತು. ಮುಳ್ಳುಹಂದಿ ಮುಳ್ಳನ್ನ ಬಾಣದ ಥರ ಬಿಡುತ್ತೆ ಅನ್ನೋದು ಸುಳ್ಳು, ಹಾಕಿಲ್ಲ, ಬದಲಿಗೆ ಬಾಲ ಅಲ್ಲಾಡ್ಸಿ ಗಿಲಗಿಲ ಅನ್ಸುತ್ತಲ್ಲ ಆ ಸದ್ದು ಬಂದಿದೆ.

ಚಿತ್ರ ಟ್ಯಾಬಲ್ಲಿ ನಾನೇ ಬರೀತಿದೀನಿ. ಕತ್ತಲಲ್ಲಿ ಫಳಫಳ ಹೊಳೆಯೋ ಕಣ್ಣು ಬರೀಬಾರ್ದು ಅಂತ ಡಿಸೈಡ್ ಮಾಡಿದೀನಿ. ತುಂಬಾ ರಾತ್ರಿ ಪ್ರಾಣಿಗಳ ಕಣ್ಣಿನ ಹಿಂದೆ ಕನ್ನಡಿ ಥರದ ಪದರ ಇರುತ್ತೆ, ಬೆಳಕು ಬಿದ್ರೆ ತಾನೇ ಅದು ಹೊಳೆಯೋದು, ಈ ಕಾಡಲ್ಲಿ ಟಾರ್ಚ್ ಹಿಡ್ಕೊಂಡೋರು ಯಾರೂ ಇಲ್ಲ. ಬಣ್ಣಾನೂ ಬೂದು-ನೀಲಿ ಅಷ್ಟೇ, ಅಷ್ಟು ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗಲ್ವಲ್ಲ.

ಬಾಕಿ ಇರೋದು ಪುನುಗು ಬೆಕ್ಕಿನ ಪುಟ. ಹಣ್ಣು ತಿಂದು, ಕಕ್ಕದ ಜೊತೆ ಬೀಜ ಉದುರ್ಸಿ ಕಾಡು ಬೆಳೆಸುತ್ತೆ ಅನ್ನೋದು ಬಿಡೋಕೆ ಮನಸ್ಸಿಲ್ಲ, ಆದ್ರೆ ಕಕ್ಕ ಅಂದ ತಕ್ಷಣ ನಗು ಶುರು, ಆಮೇಲೆ ನಿದ್ದೆ ಎಲ್ಲಿಂದ ಬರ್ಬೇಕು. ಅದನ್ನ ಮೊದಲನೇ ಪುಟಕ್ಕೇ ಹಾಕಿ ನಗೋದೆಲ್ಲ ಅಲ್ಲೇ ಮುಗಿಸ್ಬಿಡೋಣ ಅಂತಿದೀನಿ, ಮುಂದಿನ ಸಲ ಓದೋವಾಗ ನೋಡ್ಬೇಕು.