ಡ್ರಮ್ಮಿನ ಬಿಸಿನೀರು, ಒಂದು ಪರಮಾಣುವಿನ ಇಂಜಿನ್

14 ಡಿಸೆಂಬರ್ 2024, ಶನಿವಾರ
ಅಕ್ಕನ ಮನೆ, ಮೂಡಿಗೆರೆ ಹತ್ತಿರ

ಕಾಲೇಜಿಗೆ ಎರಡು ದಿನ ರಜೆ ಹಾಕಿ ಚಿಕ್ಕಮಗಳೂರಿನಿಂದ ಬಂದಿದ್ದೇನೆ. ಇಲ್ಲಿ ಕಾಫಿ ಹಣ್ಣು ಕುಯ್ಲು ಜೋರಾಗಿದೆ. ಸಂಜೆ ಚೀಲಗಳೆಲ್ಲ ತೂಕ ಆಗಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಮನೆ ಮುಂದೆ ಬಂದು ಬಿದ್ದವು. ಕರೆಂಟ್ ಇರಲಿಲ್ಲ. ಭಾವ ಹಳೇ ಡೀಸೆಲ್ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುಗಿಸಿದರು. ಡುಗ್ ಡುಗ್ ಅಂತ ಹಿಡಿದುಕೊಂಡಿತು. ಬೆಲ್ಟ್ ಓಡಿತು. ಒಂದು ಕಡೆ ಕೆಂಪು ಸಿಪ್ಪೆ, ಇನ್ನೊಂದು ಕಡೆ ಲೋಳೆ ಮೆತ್ತಿದ ಬೀಜ.

ಇಂಜಿನ್ ತಣ್ಣಗಿಡಲು ಪಕ್ಕದಲ್ಲಿ 200 ಲೀಟರ್ ನೀರಿನ ಡ್ರಮ್ ಇದೆ. ಅಕ್ಕನ ಮಗಳು ಅದರೊಳಗೆ ಕೈ ಅದ್ದಿ, "ಮಾವ, ಈ ಬಿಸಿಯೆಲ್ಲ ವೇಸ್ಟ್ ಅಲ್ವಾ?" ಅಂತ ಕೇಳಿದಳು. ಅವಳು ಮೊದಲ ಪಿಯುಸಿ. ಶಾಖದ ಪಾಠ ಈಗಷ್ಟೇ ಮುಗಿದಿದೆಯಂತೆ.

ಎಷ್ಟು ವೇಸ್ಟ್ ಅಂತ ಅಳೆದೇ ನೋಡೋಣ ಎಂದೆ. ಶುರುವಿನಲ್ಲಿ ನೀರು 19 ಡಿಗ್ರಿ ಇತ್ತು. ಒಂದು ಗಂಟೆಯ ಮೇಲೆ 30. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬರೀ ಈ ನೀರಿಗೇ ಸೆಕೆಂಡಿಗೆ ಸುಮಾರು 2,500 ಜೂಲ್ ಹೋಗುತ್ತಿದೆ. ಹೊಗೆಯ ಜೊತೆ ಹೋಗುವುದು ಬೇರೆ. ಅವಳಿಗೆ ಸಂಕಟವಾಯಿತು. ಇಂಜಿನ್ ಚೆನ್ನಾಗಿ ಮಾಡಿದರೆ ಇದು ನಿಲ್ಲಲ್ವಾ ಅಂದಳು.

ಪೂರ್ತಿ ನಿಲ್ಲಲ್ಲ. 1824ರಲ್ಲಿ ಫ್ರಾನ್ಸಿನ ಸಾಡಿ ಕಾರ್ನೋ ತೋರಿಸಿಕೊಟ್ಟದ್ದು ಇದನ್ನೇ. ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಒಂದಿಷ್ಟು ಶಾಖ ಬಿಡದೆ ಯಾವ ಇಂಜಿನ್ನೂ ಓಡುತ್ತಲೇ ಇರಲಾರದು. ಎಷ್ಟು ಕೆಲಸ ತೆಗೆಯಬಹುದು ಅನ್ನುವುದಕ್ಕೆ ಎರಡು ಕಡೆಯ ತಾಪಮಾನವೇ ಮಿತಿ ಹಾಕುತ್ತದೆ. ನಮ್ಮ ಹಂಡೆಯ 90 ಡಿಗ್ರಿ ನೀರನ್ನು ಬಿಸಿ ಕಡೆ, ಹೊರಗಿನ 17 ಡಿಗ್ರಿ ಗಾಳಿಯನ್ನು ತಣ್ಣನೆ ಕಡೆ ಅಂತ ಇಟ್ಟುಕೊಂಡರೆ, ಎಂಥಾ ಜಾಣ ಮಾಡಿದ ಇಂಜಿನ್ನಿಗೂ ನೂರಕ್ಕೆ 20 ಮಾತ್ರ. ಅದೂ ತೀರಾ ನಿಧಾನಕ್ಕೆ ಓಡಿಸಿದರೆ. ಎಷ್ಟು ನಿಧಾನ ಅಂದರೆ ಪವರ್ ಏನೂ ಸಿಗದಷ್ಟು. 1975ರಲ್ಲಿ ಕರ್ಜನ್ ಮತ್ತು ಆಲ್‌ಬಾರ್ನ್ ಅನ್ನುವವರು, ಜಾಸ್ತಿ ಪವರ್ ಬೇಕು ಅಂದರೆ ಎಷ್ಟು ಬಿಟ್ಟುಕೊಡಬೇಕು ಅಂತ ಒಂದು ಸರಳ ಸೂತ್ರ ಕೊಟ್ಟರು. ಅದರ ಪ್ರಕಾರ ನಮ್ಮ ಹಂಡೆಗೆ ನೂರಕ್ಕೆ 11ರ ಹತ್ತಿರ. ಅವಸರಕ್ಕೆ ಹೆಚ್ಚುಕಡಿಮೆ ಅರ್ಧ ಹೋಯಿತು.

ಆಗ ಅವಳು ಫೋನ್ ತೆಗೆದಳು. ಯಾವುದೋ ವಿಡಿಯೋ. ಪರಮಾಣುಗಳ ಲೋಕದ ನಿಯಮಗಳ ಮೇಲೆ ಓಡುವ ಕ್ವಾಂಟಮ್ ಇಂಜಿನ್ ಬಂದಿದೆ, ಕಾರ್ನೋ ನಿಯಮ ಮುರಿದುಬಿತ್ತು ಅಂತ. "ಇದು ನಿಜಾನಾ ಮಾವ?"

ಇವತ್ತು ಇದನ್ನು ಬರೆಯುತ್ತಿರುವುದೇ ಆ ಪ್ರಶ್ನೆಗಾಗಿ. ಹೌದು ಅಂದರೂ ತಪ್ಪು, ಅಲ್ಲ ಅಂದು ಸುಮ್ನೆ ಬಿಟ್ಟರೂ ತಪ್ಪು.

ಮೊದಲು ಒಂದು ಗೊಂದಲ ಬಿಡಿಸಬೇಕು. 2016ರಲ್ಲಿ ಜರ್ಮನಿಯ ಮೈಂಟ್ಸ್‌ನಲ್ಲಿ ಒಂದೇ ಒಂದು ಕ್ಯಾಲ್ಸಿಯಂ ಅಯಾನಿನಿಂದ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನಿಂದ, ಇಂಜಿನ್ ಮಾಡಿದರು. ಲಾಳಿಕೆಯ ಆಕಾರದಲ್ಲಿ ವಿದ್ಯುತ್ ಬಲೆ ಕಟ್ಟಿ ಅದರೊಳಗೆ ಅಯಾನನ್ನು ಹಿಡಿದಿಟ್ಟರು. ವಿದ್ಯುತ್ತಿನ ಅಡ್ಡಾದಿಡ್ಡಿ ಏರಿಳಿತದಿಂದ ಬಿಸಿ ಮಾಡಿದಾಗ ಅದರ ಓಲಾಟ ಅಗಲವಾಗಿ ಲಾಳಿಕೆಯ ಅಗಲ ಬಾಯಿಯ ಕಡೆ ಸರಿಯುತ್ತದೆ. ಲೇಸರ್‌ನಿಂದ ತಣ್ಣಗಾದಾಗ ಹಿಂದಕ್ಕೆ ಬರುತ್ತದೆ. ಇದೇ ಪಿಸ್ಟನ್. ಸಿಕ್ಕಿದ ಪವರ್ ಎಷ್ಟು ಅಂದರೆ, ವ್ಯಾಟ್ ಲೆಕ್ಕದಲ್ಲಿ ಪಾಯಿಂಟ್ ಆದ ಮೇಲೆ 21 ಸೊನ್ನೆ, ಆಮೇಲೆ 34. ದಕ್ಷತೆ ನೂರಕ್ಕೆ 0.28. ಭಾವನ ಐದು ಎಚ್‌ಪಿ ಇಂಜಿನ್ನಿಗೆ ಸಮ ಆಗಬೇಕಾದರೆ ಅಂಥವು 1ರ ಮುಂದೆ 25 ಸೊನ್ನೆ ಹಾಕಿದಷ್ಟು ಬೇಕು. ಇಷ್ಟು ಚಿಕ್ಕದಾದರೂ ಅದು ಓಡಿದ ರೀತಿ ಹಳೇ ಭೌತಶಾಸ್ತ್ರದ್ದೇ. ಒಂದೇ ಪರಮಾಣು ಅಂದ ಮಾತ್ರಕ್ಕೆ ಕ್ವಾಂಟಮ್ ಇಂಜಿನ್ ಆಗಿಬಿಡುವುದಿಲ್ಲ.

ಕ್ವಾಂಟಮ್ ಇಂಜಿನ್ನಿನ ಯೋಚನೆ ಇದಕ್ಕಿಂತ ಹಳೆಯದು. 1959ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಕೋವಿಲ್ ಮತ್ತು ಶುಲ್ಜ್-ಡುಬೋಯ್, ಮೂರು ಶಕ್ತಿ ಮಟ್ಟದ ಮೇಸರ್ (ಬೆಳಕಿನ ಬದಲು ಮೈಕ್ರೋವೇವ್ ಹೊರಡಿಸುವ, ಲೇಸರ್‌ನಂಥ ಸಾಧನ) ಕೂಡ ಒಂದು ಶಾಖದ ಇಂಜಿನ್ನೇ ಅಂತ ತೋರಿಸಿದರು. ಅದರ ದಕ್ಷತೆಗೂ ಕಾರ್ನೋ ಹಾಕಿದ ಮಿತಿಯೇ ಮಿತಿ.

ಹಾಗಾದರೆ ಕ್ವಾಂಟಮ್ ಗುಣ ಎಲ್ಲಿ ಕಾಣಿಸುತ್ತದೆ? ಅವಸರ ಮಾಡಿದಾಗ.

ಇದನ್ನು ಅವಳಿಗೆ ಮಾತಿನಲ್ಲಿ ಹೇಳಲು ಹೋಗಿ ಸೋತೆ. ಅಷ್ಟರಲ್ಲಿ ಅಕ್ಕ, ಆಳುಗಳು ಕೈಕಾಲು ತೊಳೆಯಲಿ, ಡ್ರಮ್ಮಿನ ಬೆಚ್ಚನೆ ನೀರು ತಂದಿಡಿ ಅಂದಳು. ಹುಡುಗಿ ಬಕೆಟ್ ಕಂಠದವರೆಗೆ ತುಂಬಿಸಿ ಓಡಿದಳು. ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ, ಓಡಿದರೆ ಅದೂ ತುಳುಕುತ್ತದೆ. ಮೆಟ್ಟಿಲು ತಲುಪುವಾಗ ಲಂಗವೆಲ್ಲ ಒದ್ದೆ. ಎರಡನೇ ಸಲ ಮೆಲ್ಲಗೆ ಹೋದಳು. ಒಂದು ಹನಿ ಚೆಲ್ಲಲಿಲ್ಲ, ಆದರೆ ಹೊತ್ತಾಯಿತು.

ಇದನ್ನೇ ಹಿಡಿದುಕೊಂಡು ಹೇಳಿದೆ. ಪರಮಾಣುವಿನ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಕ್ವಾಂಟಮ್ ಇಂಜಿನ್ನಿನಲ್ಲಿ ಪಿಸ್ಟನ್ ತಳ್ಳುವುದು ಅಂದರೆ ಆ ಮೆಟ್ಟಿಲುಗಳ ನಡುವಿನ ಅಂತರ ಹಿಗ್ಗಿಸುವುದು, ಕುಗ್ಗಿಸುವುದು. ನಿಧಾನವಾಗಿ ಮಾಡಿದರೆ ಪರಮಾಣು ತನ್ನ ಮೆಟ್ಟಿಲಲ್ಲೇ ಇರುತ್ತದೆ. ಅವಸರ ಮಾಡಿದರೆ ಎರಡು ಮೂರು ಮೆಟ್ಟಿಲಲ್ಲಿ ಒಟ್ಟಿಗೇ ಇದ್ದ ಹಾಗಾಗುತ್ತದೆ. ಇದಕ್ಕೆ ಕೊಹೆರೆನ್ಸ್ ಅನ್ನುತ್ತಾರೆ. ಆ ತುಳುಕಾಟಕ್ಕೆ ಖರ್ಚಾದ ಶಕ್ತಿ, ತಣ್ಣನೆ ಕಡೆ ಮುಟ್ಟಿದ ಕೂಡಲೇ ಶಾಖವಾಗಿ ಹೋಗಿಬಿಡುತ್ತದೆ. ಉಜ್ಜುವ ಭಾಗ ಒಂದೂ ಇಲ್ಲ, ಆದರೂ ನಷ್ಟ ಥೇಟ್ ಘರ್ಷಣೆಯಂತೆಯೇ. ಜೆರುಸಲೇಮಿನ ರೋನಿ ಕೊಸ್ಲೊಫ್ ಮತ್ತು ಟೋವಾ ಫೆಲ್ಡ್‌ಮನ್ ಇದನ್ನು ಆಳವಾಗಿ ಲೆಕ್ಕ ಹಾಕಿದವರು. ಇದರ ಹೆಸರೇ ಕ್ವಾಂಟಮ್ ಘರ್ಷಣೆ.

ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದರ ಇನ್ನೊಂದು ಮುಖ. ಅದೇ ಕೊಹೆರೆನ್ಸ್ ಸಹಾಯವನ್ನೂ ಮಾಡುತ್ತದೆ. 2019ರಲ್ಲಿ ಆಕ್ಸ್‌ಫರ್ಡ್‌ನವರು ವಜ್ರದೊಳಗಿನ ಒಂದು ಬಗೆಯ ದೋಷವನ್ನೇ ಇಂಜಿನ್ ಮಾಡಿ ಪ್ರಯೋಗ ಮಾಡಿದರು. ಇಂಗಾಲ ಇರಬೇಕಾದ ಕಡೆ ಒಂದು ನೈಟ್ರೋಜನ್, ಪಕ್ಕದಲ್ಲಿ ಒಂದು ಖಾಲಿ ಜಾಗ. ಇಂಜಿನ್ನಿನ ಒಂದೊಂದು ಹೊಡೆತವೂ (ಸ್ಟ್ರೋಕ್) ತೀರಾ ಚಿಕ್ಕದಾಗಿದ್ದಾಗ, ಕೊಹೆರೆನ್ಸ್ ಇರುವ ಇಂಜಿನ್ ಅದಿಲ್ಲದ ಇಂಜಿನ್ನಿಗಿಂತ ಜಾಸ್ತಿ ಪವರ್ ಕೊಟ್ಟಿತು. ಗಮನಿಸಿ, ಜಾಸ್ತಿಯಾದದ್ದು ಪವರ್. ಕಾರ್ನೋ ಮಿತಿಯನ್ನು ಅದು ದಾಟಲಿಲ್ಲ.

ಮೂರನೇ ಬಕೆಟ್ಟಿಗೆ ಹುಡುಗಿ ತಾನಾಗಿಯೇ ಒಂದು ಉಪಾಯ ಕಂಡುಕೊಂಡಳು. ನೀರು ಆಚೆ ಓಲಿದಾಗ ಮಣಿಕಟ್ಟನ್ನು ಈಚೆ ತಿರುವಿ, ಬೇಗ ನಡೆದೂ ಜಾಸ್ತಿ ಚೆಲ್ಲದೆ ತಂದಳು. ಈ ಕ್ಷೇತ್ರದವರು ಇಂಥದ್ದಕ್ಕೆ ಶಾರ್ಟ್‌ಕಟ್ ಅಂತಲೇ ಹೆಸರಿಟ್ಟಿದ್ದಾರೆ. ಅವಸರದಲ್ಲೇ ತಳ್ಳಿ, ಕೊನೆಯ ಹೊತ್ತಿಗೆ ಆ ತುಳುಕಾಟ ತಾನೇ ರದ್ದಾಗುವ ಹಾಗೆ ನಡೆಸುವುದು. ಆದರೆ ಮಣಿಕಟ್ಟು ತಿರುವಲು ಕೈಗೂ ಶ್ರಮ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಆ ವಿಡಿಯೋ. 2014ರಲ್ಲಿ ಮೈಂಟ್ಸ್‌ನವರು ಬಿಸಿ ಕಡೆಯ ಅಲುಗಾಟವನ್ನೇ ಹಿಂಡಿದರೆ ಕಾರ್ನೋ ಮಿತಿಯ ಸಂಖ್ಯೆ ದಾಟಬಹುದು ಅಂತ ಲೆಕ್ಕ ಹಾಕಿದರು. ಹಿಂಡುವುದು ಅಂದರೆ ಒಂದು ದಿಕ್ಕಿನಲ್ಲಿ ಅಲುಗಾಟ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ. 2017ರಲ್ಲಿ ಜ್ಯೂರಿಕ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೊಲೆಯೊಂದರ ಕಂಪನದ ಮೇಲೆ ಅದನ್ನು ಮಾಡಿಯೂ ತೋರಿಸಿದರು. ಸಂಖ್ಯೆ ದಾಟಿದ್ದು ನಿಜ. ನಿಯಮ ಮುರಿದಿಲ್ಲ. ಕಾರ್ನೋ ಮಾತು ಬರೀ ತಾಪಮಾನ ಇರುವ ಸಾದಾ ಶಾಖಕ್ಕೆ. ಹಿಂಡಿದ ಶಾಖ ಸಾದಾ ಅಲ್ಲ. ಹಿಂಡಲು ಹೊರಗಿನಿಂದ ಶಕ್ತಿ ಹಾಕಬೇಕು. ಆಳಿನ ಕೂಲಿ, ಗೊಬ್ಬರ, ಡೀಸೆಲ್ ಬಿಟ್ಟು, ಕಾಫಿ ಮಾರಿದ ದುಡ್ಡನ್ನೆಲ್ಲ ಲಾಭ ಅಂತ ಬರೆದರೆ ಭಾವ ಒಪ್ಪುತ್ತಾರಾ? ಅವಳಿಗೆ ಇದು ಥಟ್ಟನೆ ಹತ್ತಿತು. ಪ್ರತಿ ಶನಿವಾರ ಬಟವಾಡೆ ಪುಸ್ತಕ ಬರೆಯುವವಳು ಅವಳೇ.

ಇದಕ್ಕೆ ಕ್ವಾಂಟಮ್ಮೇ ಬೇಕು ಅಂತಲೂ ಇಲ್ಲ. 2016ರಲ್ಲಿ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರೂ ಕೇಂದ್ರದವರು ಬ್ಯಾಕ್ಟೀರಿಯಾ ಈಜಾಡುವ ನೀರಿನಲ್ಲಿ ಪುಟಾಣಿ ಮಣಿಯೊಂದನ್ನು ಲೇಸರ್‌ನಿಂದ ಹಿಡಿದು ಇಂಜಿನ್ ಓಡಿಸಿದರು. ಸಾದಾ ನೀರಿನಲ್ಲಿ ಸಿಗುವುದಕ್ಕಿಂತ ಎಷ್ಟೋ ಜಾಸ್ತಿ ದಕ್ಷತೆ ಸಿಕ್ಕಿತು. ಅಲ್ಲಿ ಖರ್ಚು ಹೊತ್ತದ್ದು ಬ್ಯಾಕ್ಟೀರಿಯಾ, ತಿಂದ ಊಟದಿಂದ.

ಎಂಟು ಗಂಟೆಗೆ ಭಾವ ಇಂಜಿನ್ ನಿಲ್ಲಿಸಿದರು. ಕಿವಿಯಲ್ಲಿ ಇನ್ನೂ ಡುಗ್ ಡುಗ್ ಇತ್ತು. ಹುಡುಗಿ ಟಾರ್ಚ್ ಹಿಡಿದು ಡ್ರಮ್ಮಿನ ಹತ್ತಿರ ನಿಂತಿದ್ದಳು. "ಒಂದೇ ಪರಮಾಣುವಿನ ಇಂಜಿನ್ನಿಗೂ ಇಂಥ ಡ್ರಮ್ ಬೇಕೇ ಬೇಕಾ ಮಾವ?" ಬೇಕು, ಮೈಂಟ್ಸ್‌ನಲ್ಲಿ ಆ ಲೇಸರ್ರೇ ಡ್ರಮ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಳೆ ಹೊಗೆ ಕೊಳವೆಯ ಬಿಸಿಯನ್ನೂ ಅಳೆಯೋಣ, ಅದಕ್ಕೆ ಯಾವ ಥರ್ಮಾಮೀಟರ್ ಬೇಕು ಅಂತ ಕೇಳಿದಳು. ಕಾಲೇಜಿನ ಲ್ಯಾಬಿನಲ್ಲಿ ಥರ್ಮೋಕಪಲ್ ಇದೆ. ಸೋಮವಾರ ಕೇಳಿ ತರಬೇಕು.